ಚೌಕ ಬಿಡಿಸಿದ ಮಾತ್ರಕ್ಕೆ ಡಿಸೈನ್ ಆಯಿತಾ?

ನಮಸ್ಕಾರ. ಇವತ್ತು ಡೇಟಾಬೇಸ್ ಇಂಡೆಕ್ಸ್ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ನಿಮ್ಮ ಪ್ರಾಜೆಕ್ಟ್‌ನಲ್ಲಿ ಇರುವುದು ಒಂದೇ ಅಪ್ಲಿಕೇಶನ್. ಮೈಕ್ರೋಸರ್ವಿಸ್ ಇಲ್ಲ, ಮೆಸೇಜ್ ಕ್ಯೂ ಇಲ್ಲ. ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿದೆ ಬ್ರೋ?" ಅಂತ. ಕೊನೆಗೆ ನಗುವ ಇಮೋಜಿ ಬೇರೆ. (ಮೈಕ್ರೋಸರ್ವಿಸ್ ಅಂದರೆ ಒಂದೇ ಸಾಫ್ಟ್‌ವೇರನ್ನು ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳುವ ಬಿಡಿಬಿಡಿ ಸಣ್ಣ ಪ್ರೋಗ್ರಾಂಗಳಾಗಿ ಒಡೆಯುವುದು. ಅವುಗಳ ನಡುವಿನ ಸಂದೇಶಗಳು ಸಾಲಾಗಿ ಕಾಯುವ ಜಾಗ ಮೆಸೇಜ್ ಕ್ಯೂ.) ಆ ಕಾಮೆಂಟಿಗೆ ಬಿದ್ದ ಲೈಕ್ ನನ್ನ ವಿಡಿಯೋಗೆ ಬಿದ್ದಿದ್ದಕ್ಕಿಂತ ಜಾಸ್ತಿ. ಸರಿ, ಇಂಡೆಕ್ಸ್ ಕಾಯಲಿ.

ಬ್ರೋ, ಕೇಳಿ. ಸಾಫ್ಟ್‌ವೇರನ್ನು ಎಷ್ಟು ತುಂಡು ಮಾಡಿದಿರಿ ಅನ್ನುವುದು ಆರ್ಕಿಟೆಕ್ಚರ್ ಅಲ್ಲ. ನಾಳೆ ಯಾವುದು ಬದಲಾಗಬಹುದು? ಅದು ಬದಲಾದಾಗ ಕೋಡ್‌ನಲ್ಲಿ ಎಷ್ಟು ಕಡೆ ಕೈ ಹಾಕಬೇಕು? ಈ ಎರಡು ಪ್ರಶ್ನೆಗೆ ಉತ್ತರ ಇದ್ದರೆ ನಿಮ್ಮ ಹತ್ತಿರ ಡಿಸೈನ್ ಇದೆ. ಇಲ್ಲದಿದ್ದರೆ ನಿಮ್ಮ ಹತ್ತಿರ ಇರುವುದು ಬರೀ ಚಿತ್ರ.

ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಜೆಕ್ಟನ್ನೇ ತಗೊಳ್ಳೋಣ. ಲೈಬ್ರರಿ ಮ್ಯಾನೇಜ್‌ಮೆಂಟ್. ನಮ್ಮ ಸಿಲಬಸ್‌ನಿಂದ ಇದು ಯಾವತ್ತೂ ಹೋಗುವುದಿಲ್ಲ, ಬಿಡಿ. ಸದಸ್ಯರಿಗೊಂದು ಸರ್ವಿಸ್, ಪುಸ್ತಕಕ್ಕೊಂದು, ಎರವಲಿಗೊಂದು, ದಂಡಕ್ಕೊಂದು, ನೋಟಿಫಿಕೇಶನ್‌ಗೊಂದು. ಸ್ಲೈಡ್‌ನಲ್ಲಿ ಐದು ಬಣ್ಣದ ಚೌಕ, ಮಧ್ಯೆ ಬಾಣಗಳು. ನೋಡಿದರೆ ದೊಡ್ಡ ಕಂಪನಿಯೇ ಕಟ್ಟಿದ ಹಾಗಿದೆ. ಈಗ ಲೈಬ್ರರಿಯವರು ಬಂದು ಒಂದೇ ಮಾತು ಹೇಳುತ್ತಾರೆ. "ರಜಾದಿನಗಳಿಗೆ ದಂಡ ಬೇಡ."

ಎಷ್ಟು ಕಡೆ ಬದಲಾಯಿಸಬೇಕು? ವಾಪಸ್ ಕೊಡುವ ದಿನಾಂಕದ ಲೆಕ್ಕ ಎರವಲು ಸರ್ವಿಸ್‌ನಲ್ಲಿದೆ. ತಡವಾದ ದಿನಗಳನ್ನು ಎಣಿಸುವುದು ದಂಡದ ಸರ್ವಿಸ್. ನೋಟಿಫಿಕೇಶನ್ ಸರ್ವಿಸ್ "ನಿಮ್ಮ ದಂಡ ಇಷ್ಟಾಗಿದೆ" ಅಂತ ಮೇಲ್ ಕಳಿಸಲು ಅದೇ ಲೆಕ್ಕವನ್ನು ತಾನೂ ಒಂದು ಸಲ ಹಾಕುತ್ತದೆ. ಸ್ಕ್ರೀನ್ ಮೇಲೆ ತೋರಿಸಲು ಯಾರೋ ಪುಣ್ಯಾತ್ಮರು ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಸಲ ಬರೆದಿದ್ದಾರೆ. ನಿಯಮ ಒಂದು, ಜಾಗ ನಾಲ್ಕು. ನಾಲ್ಕನ್ನೂ ಒಟ್ಟಿಗೆ ಡಿಪ್ಲಾಯ್ ಮಾಡಬೇಕು, ಅಂದರೆ ಸರ್ವರ್‌ಗೆ ಏರಿಸಬೇಕು. ಒಂದನ್ನು ಮರೆತರೆ ಮೇಲ್‌ನಲ್ಲಿ ಒಂದು ದಂಡ, ಸ್ಕ್ರೀನ್ ಮೇಲೆ ಇನ್ನೊಂದು. ಇದು ಬಿಡಿಬಿಡಿ ಸರ್ವಿಸ್ ಅಲ್ಲ ಬ್ರೋ, ಕಾಲಿಗೆ ಕಾಲು ಕಟ್ಟಿಕೊಂಡು ಓಡುವ ಪಂದ್ಯ.

ಅದೇ ಒಂದೇ ಅಪ್ಲಿಕೇಶನ್ ಇರಲಿ. ದಂಡದ ನಿಯಮ ಕೋಡ್‌ನ ಒಂದೇ ಭಾಗದಲ್ಲಿ, ಅಂದರೆ ಒಂದೇ ಮಾಡ್ಯೂಲ್‌ನಲ್ಲಿ ಇರಲಿ. ಉಳಿದವರೆಲ್ಲ "ಈ ಎರವಲಿಗೆ ದಂಡ ಎಷ್ಟು?" ಅಂತ ಅದನ್ನೇ ಕೇಳಲಿ. ನಿಯಮ ಬದಲಾದರೆ ಒಂದು ಫೈಲ್. ಇದರಲ್ಲಿ ಆರ್ಕಿಟೆಕ್ಚರ್ ಕಾಣಲಿಲ್ವಾ?

ಇದು ನಾನು ಕಂಡುಹಿಡಿದ ಮಾತಲ್ಲ. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಒಂದು ಪ್ರಬಂಧ ಬರೆದರು. ಅದರಲ್ಲಿರುವ ಉದಾಹರಣೆ ಬಹಳ ಚಿಕ್ಕದು. ಒಂದಷ್ಟು ಸಾಲುಗಳನ್ನು ಓದಿಕೊಳ್ಳಬೇಕು. ಪ್ರತಿ ಸಾಲಿನ ಮೊದಲ ಪದವನ್ನು ತೆಗೆದು ಕೊನೆಗೆ ಹಾಕುತ್ತಾ ಹೋಗಬೇಕು. ಹೀಗೆ ಬಂದ ಎಲ್ಲಾ ಸಾಲುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸಿ ಪ್ರಿಂಟ್ ಮಾಡಬೇಕು. ಅಷ್ಟೇ ಕೆಲಸ. ಇದನ್ನು ಅವರು ಎರಡು ರೀತಿ ತುಂಡು ಮಾಡಿ ತೋರಿಸಿದರು. ಮೊದಲನೆಯದು ನಾವೆಲ್ಲ ಮಾಡುವ ಹಾಗೆ. ಓದಲು ಒಂದು ಮಾಡ್ಯೂಲ್, ತಿರುಗಿಸಲು ಒಂದು, ಜೋಡಿಸಲು ಒಂದು, ಪ್ರಿಂಟಿಗೆ ಒಂದು. ಫ್ಲೋಚಾರ್ಟ್ ಇದ್ದ ಹಾಗೇ ಕತ್ತರಿ ಆಡಿಸುವುದು. ಆದರೆ ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾಯಿಸಿದರೆ ಎಲ್ಲಾ ಮಾಡ್ಯೂಲ್‌ಗಳನ್ನೂ ಬಿಚ್ಚಬೇಕು. ಎರಡನೆಯದರಲ್ಲಿ ಸಾಲುಗಳು ಎಲ್ಲಿವೆ, ಹೇಗಿವೆ ಅನ್ನುವ ಗುಟ್ಟು ಒಂದೇ ಮಾಡ್ಯೂಲ್‌ಗೆ ಗೊತ್ತು. ಬದಲಾದರೆ ಅದೊಂದೇ ಬದಲಾಗುತ್ತದೆ. ಇದಕ್ಕೇ ಇನ್ಫರ್ಮೇಶನ್ ಹೈಡಿಂಗ್ ಅನ್ನುತ್ತಾರೆ. ನಾವು ಪರೀಕ್ಷೆಗೆ ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆತೇ ಬಿಡುತ್ತೇವಲ್ಲ, ಅದೇ.

ಗಮನಿಸಿ, ಅಲ್ಲಿ ನೆಟ್‌ವರ್ಕ್ ಇಲ್ಲ, ಕ್ಯೂ ಇಲ್ಲ, ಕಂಟೇನರ್ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ. ಬದಲಾಗುವುದು ಯಾವುದು?

ಈ ಹೊತ್ತಿಗೆ ಸಬ್‌ಸ್ಕ್ರೈಬ್ ಮಾಡದವರು ಮಾಡಿಬಿಡಿ. ಬೆಲ್ ಒತ್ತುವುದನ್ನು ಮರೆಯಬೇಡಿ. ಎಡಿಟಿಂಗ್ ಮಾಡುವವನೂ ನಾನೇ, ಥಂಬ್‌ನೇಲ್ ಮಾಡುವವನೂ ನಾನೇ. ಹೌದು, ಇದು ಕೂಡ ಮಾನೋಲಿತ್ ಚಾನೆಲ್, ಎಲ್ಲವೂ ಒಂದೇ ತುಂಡು.

ಈಗ ಬರುತ್ತದೆ ಆ ಹಳೇ ವಾದ. "ದೊಡ್ಡ ಕಂಪನಿಗಳೆಲ್ಲ ಮೈಕ್ರೋಸರ್ವಿಸ್ ಮಾಡುತ್ತವಲ್ಲ?" ಮಾಡುತ್ತವೆ. ಅಲ್ಲಿ ನೂರಾರು ತಂಡಗಳಿವೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯಬಾರದು ಅಂತ ತುಂಡು ಮಾಡುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಹೇಳಿದ್ದರು: ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅದೇ ಆಕಾರ ಅವರು ಕಟ್ಟುವ ಸಿಸ್ಟಮ್‌ಗೂ ಬರುತ್ತದೆ ಅಂತ. ನಿಮ್ಮ ಪ್ರಾಜೆಕ್ಟ್ ತಂಡದಲ್ಲಿ ನಾಲ್ಕು ಜನ. ಕೋಡ್ ಬರೆಯುವವರು ಒಬ್ಬರು. ಕಾನ್‌ವೇ ಮಾತಿನ ಪ್ರಕಾರ ನಿಮಗೆ ಬೇಕಾದ ಸರ್ವಿಸ್‌ಗಳ ಸಂಖ್ಯೆ ಎಷ್ಟು? ಲೆಕ್ಕ ಹಾಕಿ.

ಆ ದೊಡ್ಡವರೂ ಒಮ್ಮೊಮ್ಮೆ ವಾಪಸ್ ಬರುತ್ತಾರೆ. ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ 2023ರಲ್ಲಿ ಬರೆದುಕೊಂಡಿತ್ತು. ವಿಡಿಯೋ ಗುಣಮಟ್ಟ ಪರೀಕ್ಷಿಸುವ ಅವರ ಉಪಕರಣ ಬಿಡಿಬಿಡಿ ತುಂಡುಗಳಲ್ಲಿತ್ತು. ಎಲ್ಲವನ್ನೂ ಓಡುವ ಒಂದೇ ಪ್ರೋಗ್ರಾಂಗೆ, ಅಂದರೆ ಒಂದೇ ಪ್ರೋಸೆಸ್‌ಗೆ ತಂದರು. ಖರ್ಚು ಶೇಕಡಾ 90ಕ್ಕಿಂತ ಜಾಸ್ತಿ ಇಳಿಯಿತು.

ಅಷ್ಟಕ್ಕೂ ತುಂಡು ಮಾಡುವುದು ಬಿಟ್ಟಿ ಅಂದುಕೊಂಡಿರಾ? ಒಂದೇ ಪ್ರೋಸೆಸ್ ಒಳಗೆ ಫಂಕ್ಷನ್ ಕರೆಯಲು ಕೆಲವು ನ್ಯಾನೋಸೆಕೆಂಡ್ ಸಾಕು. ಅದನ್ನೇ ನೆಟ್‌ವರ್ಕ್ ಮೇಲೆ ಕರೆದರೆ, ಒಂದೇ ಡೇಟಾ ಸೆಂಟರ್ ಒಳಗಿದ್ದರೂ, ಮೈಕ್ರೋಸೆಕೆಂಡ್‌ಗಳಲ್ಲಿ ಎಣಿಸಬೇಕು. ಹೋಗಲಿ, ವೇಗ ಬಿಡಿ. ಫಂಕ್ಷನ್ ಕರೆದರೆ ಉತ್ತರ ಬರುತ್ತದೆ, ಇಲ್ಲ ಎರರ್ ಬರುತ್ತದೆ. ನೆಟ್‌ವರ್ಕ್‌ನಲ್ಲಿ ಮೂರನೆಯದೊಂದಿದೆ: ಏನೂ ಬರುವುದಿಲ್ಲ. ಟೈಮ್‌ಔಟ್. ದಂಡದ ಸರ್ವಿಸ್ ದುಡ್ಡು ಕಟ್ಟಿಸಿಕೊಂಡಿತಾ, ಇಲ್ವಾ? ಗೊತ್ತಿಲ್ಲ. ಮತ್ತೆ ಕಳಿಸಿದರೆ ಎರಡು ಸಲ ಕಟ್ಟಿಸಿಕೊಳ್ಳಬಹುದು. ಇದಕ್ಕೆ ನಿಮ್ಮ ಚೌಕದೊಳಗೆ ಉತ್ತರ ಎಲ್ಲಿದೆ? ಬಾಣ ಮಾತ್ರ ಇದೆ!

"ಆದರೆ ಮುಂದೆ ಕೋಟಿ ಬಳಕೆದಾರರು ಬಂದರೆ?" ಬರಲಿ. ಮೊದಲು ನಿಮ್ಮ ಗೈಡ್ ಲಾಗಿನ್ ಆಗಲಿ.

ಇನ್ನೊಂದು ಹೇಳುತ್ತೇನೆ, ಇದು ಗಂಭೀರ. ಯುರೋಪಿನ ಏರಿಯಾನ್ 5 ರಾಕೆಟ್. 1996ರ ಜೂನ್ 4. ಮೊದಲ ಹಾರಾಟ, ಸುಮಾರು 40 ಸೆಕೆಂಡಿನಲ್ಲಿ ಚೂರುಚೂರು. ದಿಕ್ಕು ಹೇಳುವ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಎತ್ತಿಕೊಂಡಿದ್ದರು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಸಾಲಿತ್ತು. ಅದು ಅಡ್ಡವೇಗಕ್ಕೆ ಸಂಬಂಧಪಟ್ಟ ಸಂಖ್ಯೆ. ಹಳೆ ರಾಕೆಟ್‌ನಲ್ಲಿ ಅದು ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹೊಸ ರಾಕೆಟ್ ಬೇರೆ ದಾರಿಯಲ್ಲಿ ಹಾರಿತು, ಸಂಖ್ಯೆ 16 ಬಿಟ್ ಒಳಗೆ ಹಿಡಿಸಲಿಲ್ಲ, ದಿಕ್ಕು ಹೇಳುವ ಕಂಪ್ಯೂಟರ್ ನಿಂತಿತು. ಆ ಲೆಕ್ಕ ರಾಕೆಟ್ ಮೇಲೆದ್ದ ಮೇಲೆ ಬೇಕೇ ಇರಲಿಲ್ಲ ಅನ್ನುವುದು ಇನ್ನೊಂದು ಸಂಕಟ. ಬ್ಯಾಕಪ್ ಇತ್ತಲ್ಲ ಅಂತೀರಾ? ಇತ್ತು. ಬೇರೆ ಕಂಪ್ಯೂಟರ್, ಬೇರೆ ಡಬ್ಬ, ಒಳಗೆ ಅದೇ ಕೋಡ್. ಅದೂ ಅದೇ ಕಾರಣಕ್ಕೆ ನಿಂತಿತು. ಚಿತ್ರದಲ್ಲಿ ಎರಡು ಚೌಕ ಇದ್ದವು ಸ್ವಾಮಿ! ಎರಡು! ಹಾರುವ ದಾರಿ ಬದಲಾದರೆ ಏನಾಗುತ್ತದೆ ಅನ್ನುವ ಪ್ರಶ್ನೆ ಮಾತ್ರ ಆ ಸಾಲಿನ ತನಕ ಹೋಗಲಿಲ್ಲ.

ಬದಲಾಗುವುದು ಯಾವುದು? ಬದಲಾಗುವುದು ಯಾವುದು? ಇದನ್ನು ಕೇಳಲು ಏನು ಕಷ್ಟ?

ಡಿಸೈನ್ ಪ್ಯಾಟರ್ನ್ ಪಂಡಿತರೇ, ನಿಮಗೂ ಇದೆ. ಪ್ಯಾಟರ್ನ್ ಅಂದರೆ ಪದೇ ಪದೇ ಬರುವ ಡಿಸೈನ್ ಸಮಸ್ಯೆಗೆ ಸಿದ್ಧ ಪರಿಹಾರ. 1994ರ "ಡಿಸೈನ್ ಪ್ಯಾಟರ್ನ್ಸ್" ಪುಸ್ತಕದ 23 ಪ್ಯಾಟರ್ನ್‌ಗಳನ್ನೂ ಒಂದೇ ಪ್ರಾಜೆಕ್ಟ್‌ಗೆ ತುರುಕಿದರೆ ಬಹುಮಾನ ಯಾರೂ ಕೊಡುವುದಿಲ್ಲ. ಇರುವುದು ಒಂದೇ ಕ್ಲಾಸ್, ಅದನ್ನು ಹುಟ್ಟಿಸಲು ಫ್ಯಾಕ್ಟರಿ, ಫ್ಯಾಕ್ಟರಿಯನ್ನು ಹುಟ್ಟಿಸಲು ಇನ್ನೊಂದು ಫ್ಯಾಕ್ಟರಿ. ಯಾಕೆ ಅಂದರೆ "ಫ್ಲೆಕ್ಸಿಬಲ್ ಆಗಿರಲಿ ಅಂತ". ಯಾವುದಕ್ಕೆ ಫ್ಲೆಕ್ಸಿಬಲ್? ಏನು ಬದಲಾಗುತ್ತದೆ ಅಂತ? ಸುಮ್ನೆ. ಉತ್ತರ ಇಲ್ಲ. ವೈವಾದಲ್ಲಿ ಚೆನ್ನಾಗಿ ಕೇಳಿಸುತ್ತದೆ ಅಷ್ಟೇ.

"ನೀವಿನ್ನೂ ಸ್ಟೂಡೆಂಟ್, ಇಂಡಸ್ಟ್ರಿ ನೋಡಿಲ್ಲ" ಅಂತಲೂ ಬರೆಯುತ್ತೀರಿ, ಗೊತ್ತು. ಬರೆಯಿರಿ. ಕಾಮೆಂಟ್ ಜಾಸ್ತಿ ಆದರೆ ವಿಡಿಯೋ ಇನ್ನೂ ನಾಲ್ಕು ಜನರಿಗೆ ಹೋಗುತ್ತದೆ, ನನಗೇನು ನಷ್ಟ? ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಕಾರಣ ಬರೆದಿದ್ದೆ, ಈಗ ಅದನ್ನೆಲ್ಲ ಓದುವ ತಾಳ್ಮೆ ಇಲ್ಲ. ಕೋಪ ಬರುತ್ತದೆ ಅಷ್ಟೇ.

ಮುಂದಿನ ಭಾನುವಾರ ಲೈವ್ ಇದೆ. ನಿಮ್ಮ ಪ್ರಾಜೆಕ್ಟ್‌ಗಳನ್ನು ತನ್ನಿ, ಕಾಮೆಂಟ್ ಹಾಕಿದ ಬ್ರೋ ಕೂಡ ಬರಲಿ. ಚಿತ್ರ ಬೇಡ. ನಾಳೆ ಬದಲಾಗಬಹುದು ಅನಿಸುವ ಒಂದು ನಿಯಮ ಹೇಳಿ, ಅದಕ್ಕೆ ಯಾವ ಯಾವ ಫೈಲ್ ತೆರೆಯಬೇಕು ಅಂತ ಸ್ಕ್ರೀನ್ ಮೇಲೆ ತೋರಿಸಿ. ಮೂರಕ್ಕಿಂತ ಜಾಸ್ತಿ ತೆರೆದವರ ಮೈಕ್ ಮ್ಯೂಟ್ ಮಾಡುತ್ತೇನೆ.