ಮರಳಿ ಬರುವ ಪ್ರೇಕ್ಷಕರು: ಸಣ್ಣ ರಂಗಮಂದಿರವೊಂದರ ನಾಟಕದ ಹಂಗಾಮು

ಹಿರಿಯರೆ, ಅಕ್ಕ-ತಂಗಿಯರೆ, ತಾಲೀಮಿನ ಗೆಳೆಯರೆ,

ಬಾಗಲಕೋಟೆಯ ನಮ್ಮ ಈ ಸಣ್ಣ ರಂಗಮಂದಿರದಲ್ಲಿ ದಸರೆ ಕಳೆದ ಮೇಲೆ ಶುರುವಾದ ನಾಟಕದ ಹಂಗಾಮು ಶಿವರಾತ್ರಿಯ ಹೊತ್ತಿಗೆ ಮುಗಿಯಿತು. ಯಾವ ಆಟ ಚಲೋ ಆಯಿತು, ಯಾವುದು ಸಪ್ಪಗಾಯಿತು ಎಂಬ ಮಾತು ಚಹಾದ ಅಂಗಡಿಯಲ್ಲಿ ಆಗಲೇ ನಡೆದಿದೆ, ನಡೆಯಲಿ. ಇವತ್ತು ನನಗೆ ಹೇಳಬೇಕಾಗಿರುವುದು ಒಂದೇ ಸಂಗತಿ. ನಾಟಕಗಳು ಊರಿಗೆ ಬಂದು ಹೋದ ಮಾತ್ರಕ್ಕೆ ಊರಿನಲ್ಲಿ ರಂಗಭೂಮಿ ಉಳಿಯುವುದಿಲ್ಲ. ಒಂದೇ ಜಾಗದಲ್ಲಿ ಒಂದರ ಬೆನ್ನಿಗೆ ಒಂದು ಆಟ ನಡೆಯಬೇಕು, ಹೋದ ಸಲ ಬಂದು ಕೂತವರೇ ಈ ಸಲವೂ ಬಂದು ಕೂಡಬೇಕು. ನಟರನ್ನು ತಯಾರು ಮಾಡುವ ಶಾಲೆಗಳ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಪ್ರೇಕ್ಷಕರೂ ತಯಾರಾಗಬೇಕು, ಅವರು ತಯಾರಾಗುವುದು ಹೀಗೆ ಮತ್ತೆ ಮತ್ತೆ ಬಂದು ಕೂತೇ.

ಬಾಗಲಕೋಟೆ ಸೀಮೆಗೆ ನಾಟಕದ ಬರ ಎಂದೂ ಬಂದಿಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ನಾಟಕ ಕಂಪನಿಗಳ ಥಿಯೇಟರುಗಳು ಸಾಲು ಹಿಡಿದು ನಿಂತಿರುತ್ತವೆ. ಒಂದು ಆಟ ಬಿಡುವುದರೊಳಗೆ ಇನ್ನೊಂದರ ಟಿಕೀಟಿಗೆ ಗದ್ದಲ. ಬರೆದವರ ಲೆಕ್ಕ ತೆಗೆದರೂ ನಾವು ಬಡವರಲ್ಲ. ಇದೇ ಬಾಗಲಕೋಟೆಯಲ್ಲಿ ವಕೀಲಿ ಮಾಡಿದ ಕೆರೂರ ವಾಸುದೇವಾಚಾರ್ಯರು ಶೇಕ್ಸ್‌ಪಿಯರನ ನಾಟಕಗಳನ್ನು ನಮ್ಮ ಹೆಸರು, ನಮ್ಮ ಊರು, ನಮ್ಮ ಮಾತಿಗೆ ಒಗ್ಗಿಸಿ ಕನ್ನಡಕ್ಕೆ ತಂದರು. ಹುನಗುಂದ–ಇಳಕಲ್ಲಿನ ಕಡೆಯ ಕಂದಗಲ್ಲದ ಹನುಮಂತರಾಯರ ಪೌರಾಣಿಕ ನಾಟಕಗಳು ಉತ್ತರ ಕರ್ನಾಟಕದ ಯಾವ ಹಳ್ಳಿಯನ್ನೂ ಬಿಟ್ಟಿಲ್ಲ. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದ ಮೇಲೆ ಗೆದ್ದು 1974ರಲ್ಲಿ ಸಿನಿಮಾ ಆಯಿತು. ಕನ್ನಡದ ಆಧುನಿಕ ನಾಟಕಕ್ಕೆ ದಾರಿ ಹಾಕಿದ ಶ್ರೀರಂಗರು 1904ರಲ್ಲಿ ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಇವೆಲ್ಲ ಆಗಿನ ವಿಜಾಪುರ ಎಂಬ ಒಂದೇ ಜಿಲ್ಲೆಯ ಊರುಗಳು.

ಇಷ್ಟೆಲ್ಲ ಇದ್ದೂ ಊರೊಳಗೆ, ನಮ್ಮದು ಅನ್ನುವಂಥ, ನಡೆದು ಹೋಗಿ ಕೂಡುವಂಥ ನಾಟಕದ ಜಾಗ ನಮಗೆ ಉಳಿಯಲಿಲ್ಲ. ಸಿನಿಮಾ ಬಂತು, ಟಿವಿ ಬಂತು ಎಂದು ಎಲ್ಲ ಊರವರೂ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಬಾಗಲಕೋಟೆಗೆ ಮಾತ್ರ ಇನ್ನೊಂದು ಕಾರಣವಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿನ ಓಣಿಗಳಿಗೆ ನುಗ್ಗಿ ಜನ ನವನಗರಕ್ಕೆ ಬಂದಾಗ ಮನೆಗೆ ಬದಲು ಮನೆ, ಜಾಗಕ್ಕೆ ಬದಲು ಜಾಗ ಸಿಕ್ಕಿತು. ಓಣಿಗೆ ಬದಲು ಓಣಿ ಸಿಗಲಿಲ್ಲ. ಪೇಟಿ (ಹಾರ್ಮೋನಿಯಂ) ನುಡಿಸುವವರ ಮನೆ ಒಂದು ಸೆಕ್ಟರಿಗೆ ಹೋಯಿತು, ತಬಲಾದವರ ಮನೆ ಇನ್ನೊಂದಕ್ಕೆ. ರಾತ್ರಿ ಊಟ ಮಾಡಿ ಕಟ್ಟೆಗೆ ಬಂದು ಕೂಡುತ್ತಿದ್ದವರಿಗೆ ಕಟ್ಟೆಯೇ ಇಲ್ಲವಾಯಿತು. ಓಣಿಯ ಮೇಳಗಳು ಯಾರೂ ನಿಲ್ಲಿಸದೆ ತಾವಾಗಿ ನಿಂತವು. ಹೋಳಿ ಹಬ್ಬದ ಹಲಗೆ, ವೇಷ ಹಾಕಿದವರು ಕೂಡುವ ಸೋಗಿನ ಬಂಡಿ ಮಾತ್ರ ತಪ್ಪಲಿಲ್ಲ. ಸೋಗು ಹಾಕುವ ಆಸೆ ಈ ಊರಿನವರ ಮೈಯಲ್ಲಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಈ ಹಂಗಾಮನ್ನು ಕಟ್ಟಲು ಹೊರಟಾಗ ನಮ್ಮ ಧೈರ್ಯವೂ ಅದೇ ಆಗಿತ್ತು.

ಮೊದಲ ಆಟ ನಮ್ಮ ಸೀಮೆಯ ಜನಪದ ಹಾಡು-ಮಾತಿನ ಆಟವಾದ ಶ್ರೀಕೃಷ್ಣ ಪಾರಿಜಾತ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ತಿದ್ದಿದ ಮೇಲೆ ಗೋಕಾಕದಿಂದ ಲೋಕಾಪುರದವರೆಗೆ ಈ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಇದರ ಮೇಳಗಳು ಎದ್ದವು. ಹೆಣ್ಣುಮಗಳು ರಂಗ ಏರುವುದನ್ನು ಊರು ಸಹಿಸದ ಕಾಲದಲ್ಲಿ ಕೌಜಲಗಿಯ ನಿಂಗಮ್ಮ ಪಾರಿಜಾತದ ಮೇಳ ಕಟ್ಟಿ ಊರೂರು ತಿರುಗಿದಳು. ಕಥೆಯನ್ನು ಹೇಳಿ ಮುಗಿಸಲು ಐದು ನಿಮಿಷ ಸಾಕು: ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಸಿಟ್ಟಾಗುತ್ತಾಳೆ, ಕೃಷ್ಣ ಅವಳನ್ನು ಒಲಿಸಿಕೊಳ್ಳಬೇಕು. ಆದರೆ ಹಳ್ಳಿಯಲ್ಲಿ ಈ ಆಟ ಬೆಳಗಾಗುವವರೆಗೆ ನಡೆಯುತ್ತದೆ.

ನಮ್ಮಲ್ಲಿ ಮೊದಲು ಎದ್ದ ವಾದವೂ ಇದೇ. ಎರಡು ತಾಸಿಗೆ ಇಳಿಸೋಣ, ಈಗಿನ ಜನ ಅಷ್ಟು ಹೊತ್ತು ಕೂಡುವುದಿಲ್ಲ ಎಂದು ಕೆಲವರು. ನಾನು ಒಪ್ಪಲಿಲ್ಲ. ಕತ್ತರಿ ಹಾಕಿದರೆ ಉಳಿಯುವುದು ಆ ಐದು ನಿಮಿಷದ ಕಥೆ ಮಾತ್ರ. ಪಾರಿಜಾತದ ಜೀವ ಇರುವುದು ಅದು ತಡಮಾಡುವ ಬಗೆಯಲ್ಲಿ. ಪಾತ್ರ ಒಂದು ಸಾಲು ಹಾಡಿ ಬಿಟ್ಟರೆ ಹಿಂದೆ ನಿಂತ ಮೇಳ ಅದನ್ನೇ ಎತ್ತಿ ಸೂರು ಎಳೆಯುತ್ತದೆ. ಆ ಸೂರು ಇಳಿಯುವ ಹೊತ್ತಿಗೆ ಪಾತ್ರ ಎರಡು ಹೆಜ್ಜೆ ಮುಂದೆ ಬಂದು ಮಾತಿಗೆ ನಿಂತಿರುತ್ತದೆ. ಮಾತಿಗೆ ಮಾತು ಬೆಳೆದು, ನಗೆ ಎದ್ದು, ಮತ್ತೆ ಹಾಡಿಗೇ ಬಂದು ಸೇರುತ್ತದೆ. ಇದನ್ನು ಅವಸರದಲ್ಲಿ ಮಾಡಲು ಬರುವುದಿಲ್ಲ. ಕಡೆಗೆ ಆಟವನ್ನು ಎರಡು ಸಂಜೆಗೆ ಹಂಚಿದೆವು. ಭಾಮೆಯ ಸಿಟ್ಟಿನವರೆಗೆ ಒಂದು ಸಂಜೆ, ಕೊರವಂಜಿ ಬಂದು ಕಣಿ ಹೇಳುವುದರಿಂದ ಇನ್ನೊಂದು ಸಂಜೆ.

ಭಾಮೆ ರಂಗಕ್ಕೆ ಬಂದ ಗಳಿಗೆಯನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಇಳಕಲ್ ಸೀರೆ, ಸೊಂಟಕ್ಕೆ ಡಾಬು, ಎಡಗೈ ಸೊಂಟದ ಮೇಲೆ. ದೂತ ಕೇಳುತ್ತಾನೆ: ‘ಯವ್ವಾ, ನೀವು ದಾರು? ಎಲ್ಲಿಂದ ಬಂದ್ರಿ?’ ಅವಳು ಉತ್ತರ ಕೊಡದೆ ಮುಖ ತಿರುಗಿಸಿ ಪೇಟಿಯವರ ಕಡೆ ನೋಡುತ್ತಾಳೆ. ಪೇಟಿ ಮೆಲ್ಲಗೆ ಶ್ರುತಿ ಹಿಡಿಯುತ್ತದೆ. ದೂತ ಮತ್ತೆ ಕೇಳುತ್ತಾನೆ. ಅವಳು ಕಾಲುಗೆಜ್ಜೆಯನ್ನು ಒಮ್ಮೆ ನೆಲಕ್ಕೆ ತಟ್ಟಿ ಸುಮ್ಮನಾಗುತ್ತಾಳೆ. ಅಷ್ಟರಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ತಡೆಯಲಾರದೆ ಗಟ್ಟಿಯಾಗಿ ಅಂದರು: ‘ಭಾಮಿ ಅದಾಳೋ ತಮ್ಮಾ, ಗೊತ್ತಾಗೂದಿಲ್ಲೇನ ನಿನಗ?’ ಇಡೀ ರಂಗಮಂದಿರ ನಕ್ಕಿತು, ದೂತ ಅವರ ಕಡೆ ತಿರುಗಿ ಕೈಮುಗಿದ, ಆಮೇಲೆ ಭಾಮೆ ಹಾಡಿದಳು. ಕೊರಳಿಗೆ ಮೈಕು ಸಿಕ್ಕಿಸಿ ದೊಡ್ಡ ವೇದಿಕೆಯ ಮೇಲೆ ಆಡುವಾಗ ಈ ಮಾತು ಎದ್ದೇಳುವುದೂ ಇಲ್ಲ, ಎದ್ದರೂ ರಂಗಕ್ಕೆ ಮುಟ್ಟುವುದಿಲ್ಲ. ಮರುದಿನ ಸಂಜೆ ಅದೇ ತಾಯಿ ತಮ್ಮ ಪಕ್ಕದ ಮನೆಯ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಹಿಂದಿನ ದಿನ ಏನೇನಾಯಿತು ಎಂದು ಅವಳಿಗೆ ಒಪ್ಪಿಸುತ್ತಿದ್ದರು. ಹೂವು ಯಾರಿಗೆ ಹೋಯಿತು, ಭಾಮೆ ಹೇಗೆ ಮುಖ ತಿರುಗಿಸಿದಳು, ಎಲ್ಲ. ನಾನು ಟಿಕೀಟು ಹರಿಯುತ್ತ ಅಲ್ಲೇ ನಿಂತಿದ್ದೆ. ಆ ಸೊಸೆ ಆಮೇಲೆ ಈ ಹಂಗಾಮಿನ ಒಂದು ಆಟವನ್ನೂ ತಪ್ಪಿಸಲಿಲ್ಲ.

ಮೈಕಿನ ಮಾತು ಬಂತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನೂರೈವತ್ತು ಕುರ್ಚಿಯ ಜಾಗಕ್ಕೆ ಮೈಕು ಬೇಡ. ಸವದತ್ತಿ ಕಡೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹೆಣ್ಣುಪಾತ್ರಗಳಿಂದ ಬಣ್ಣ ಹಚ್ಚಲು ಶುರು ಮಾಡಿ, 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರ ಪೀಳಿಗೆಯವರು ಕಡೇ ಸಾಲಿಗೆ ಮಾತು ಮುಟ್ಟಿಸುವುದನ್ನು ಬರಿಯ ಕೊರಳಿನಿಂದ ಕಲಿತವರು. ನಮ್ಮ ಹುಡುಗರು ಮೊದಲ ವಾರ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಮುಂದೆ ಉಸಿರನ್ನು ಎಲ್ಲಿ ಹಿಡಿಯಬೇಕು, ಸಾಲಿನ ಕೊನೆಯ ಅಕ್ಷರವನ್ನು ನುಂಗದೆ ಹೇಗೆ ಬಿಡಬೇಕು ಎಂದು ಒಬ್ಬ ಹಳೆಯ ಕಂಪನಿ ಮಾಸ್ತರರು ಕೂಡಿಸಿಕೊಂಡು ಹೇಳಿಕೊಟ್ಟರು. ಮೆಲ್ಲಗೆ ಆಡಿದ ಮಾತೂ ಗೋಡೆಗೆ ಮುಟ್ಟತೊಡಗಿತು.

ಅದರ ಫಲ ಕಂಡದ್ದು ಕಂದಗಲ್ಲರ ‘ರಕ್ತರಾತ್ರಿ’ಯಲ್ಲಿ. ನಮ್ಮ ಹಳ್ಳಿಗಳಲ್ಲಿ ಈ ನಾಟಕದ ಮಾತು ಬಾಯಿಪಾಠ ಇರುವವರು ಇಂದಿಗೂ ಸಿಗುತ್ತಾರೆ. ಶಕುನಿಯ ಪಾತ್ರಕ್ಕೆ ಪೈಪೋಟಿಯೇ ನಡೆಯುತ್ತದೆ. ಆದರೆ ಜಾತ್ರೆಯ ಬಯಲಿನಲ್ಲಿ, ಲೌಡ್‌ಸ್ಪೀಕರಿನ ಅಬ್ಬರದಲ್ಲಿ ಎಲ್ಲ ಪಾತ್ರಗಳೂ ಒಂದೇ ಏರುದನಿಯಲ್ಲಿ ಗುಡುಗುತ್ತವೆ. ಇಲ್ಲಿ ನಮ್ಮ ಅಶ್ವತ್ಥಾಮ, ಮಲಗಿದ್ದ ಉಪಪಾಂಡವರನ್ನು ಕೊಂದು ಬಂದವನು, ಕತ್ತಿ ಕೆಳಗಿಟ್ಟು ತಾನು ಮಾಡಿದ್ದನ್ನು ತನಗೇ ಹೇಳಿಕೊಳ್ಳುವಷ್ಟು ಸಣ್ಣ ದನಿಯಲ್ಲಿ ಆಡಿದ. ಅವನ ಬೆರಳು ನಡುಗುವುದು ಮೂರನೇ ಸಾಲಿನವರಿಗೂ ಕಾಣುತ್ತಿತ್ತು. ಜೊತೆಜೊತೆಗೆ ಮಾತು ಗುನುಗುತ್ತಿದ್ದ ಹುನಗುಂದ ಕಡೆಯ ಹಿರಿಯರೊಬ್ಬರು ಅಲ್ಲಿ ಬಾಯಿ ನಿಲ್ಲಿಸಿದರು. ಗೊತ್ತಿರುವ ಮಾತು ಅವತ್ತು ಅವರಿಗೆ ಹೊಸದಾಗಿ ಕೇಳಿಸಿತು ಎಂದೇ ನಾನು ತಿಳಿದಿದ್ದೇನೆ.

ಆಯೇರಿಯ ಪ್ರಶ್ನೆಯೂ ಅದೇ ಆಟದಲ್ಲಿ ಎದ್ದಿತು. ಹಳ್ಳಿಯಲ್ಲಿ ಆಟದ ನಡುವೆಯೇ ಯಾರೋ ಟವೆಲ್ಲು ಹೊದಿಸುತ್ತಾರೆ, ಯಾರೋ ನೋಟು ಕೊಡುತ್ತಾರೆ, ಹೆಸರು ಕೂಗಿ ಹೇಳುವವರೆಗೆ ಭೀಮನೂ ದ್ರೌಪದಿಯೂ ಕೈಕಟ್ಟಿ ನಿಂತಿರುತ್ತಾರೆ. ಅದನ್ನು ಹೀಯಾಳಿಸುವವರ ಜೊತೆ ನಾನಿಲ್ಲ. ನಟನಿಗೆ ನೇರವಾಗಿ ಕೈಯೆತ್ತಿ ಕೊಡುವ ಆ ಪ್ರೀತಿಯಿಂದಲೇ ಎಷ್ಟೋ ಮೇಳಗಳು ಬದುಕಿವೆ. ಆಟ ಮುರಿಯಬಾರದು ಎಂಬುದಷ್ಟೇ ನನ್ನ ಹಟ. ಆಟ ಮುಗಿದ ಮೇಲೆ ರಂಗದ ದೀಪ ಆರಿಸದೆ ಆಯೇರಿಗೆಂದೇ ಹೊತ್ತು ಇಟ್ಟೆವು. ಜನ ಎದ್ದು ಹೋಗಲಿಲ್ಲ, ಸಾಲಾಗಿ ಬಂದು ಕೊಟ್ಟರು.

ಶ್ರೀರಂಗರ ‘ಶೋಕಚಕ್ರ’ಕ್ಕೆ ಅರ್ಧದಷ್ಟು ಕುರ್ಚಿ ಖಾಲಿ ಇದ್ದವು. ಹಾಡಿಲ್ಲ, ಕಿರೀಟವಿಲ್ಲ, ಸ್ವಾತಂತ್ರ್ಯ ಬಂದ ಮೇಲಿನ ನಮ್ಮ ಸಾರ್ವಜನಿಕ ಬದುಕನ್ನು ಎದುರಿಗಿಟ್ಟು ನೋಡುವ ನಾಟಕ. ಅದೊಂದನ್ನೇ ತಂದು ಆಡಿಸಿದ್ದರೆ ಈ ಊರಿಗೆ ಇಂಥ ನಾಟಕ ಹಿಡಿಸುವುದಿಲ್ಲ ಎಂದು ನಾವೇ ತೀರ್ಪು ಕೊಟ್ಟುಬಿಡುತ್ತಿದ್ದೆವು. ಆದರೆ ಬಂದು ಕೂತವರಲ್ಲಿ ಬಹುಪಾಲು ಜನ ಪಾರಿಜಾತವನ್ನೂ ರಕ್ತರಾತ್ರಿಯನ್ನೂ ನೋಡಿದವರು. ಆಟ ಮುಗಿದ ಮೇಲೆ ಒಂದು ತಾಸು ಕೂತು ಜಗಳವಾಡಿದರು. ಶ್ರೀರಂಗರಿಗೆ ಇದಕ್ಕಿಂತ ದೊಡ್ಡ ಗೌರವ ನಾವು ಕೊಡಲಾರೆವು.

ಇನ್ನು ಬಾಗಿಲಿನ ಲೆಕ್ಕ. ಪುಕ್ಕಟೆ ಪಾಸು ಯಾರಿಗೂ ಕೊಡಲಿಲ್ಲ, ನಮ್ಮ ಮನೆಯವರಿಗೂ ಇಲ್ಲ. ಬೇಸರಪಟ್ಟವರು ಇದ್ದಾರೆ, ಅವರಲ್ಲಿ ನನ್ನ ಬಿನ್ನಹ ಇಷ್ಟೇ: ಟಿಕೀಟು ತೆಗೆದವರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಕಡೆಯವರೆಗೆ ಕೂಡುತ್ತಾರೆ, ಚಲೋ ಆಗದಿದ್ದರೆ ಕೇಳುವ ಹಕ್ಕು ನಮಗಿದೆ ಅನ್ನುತ್ತಾರೆ. ಆ ಹಕ್ಕು ನಮಗೆ ಬೇಕು. ಆಟವನ್ನು ಸಂಜೆ 6.30ಕ್ಕೇ ಶುರು ಮಾಡಿದ್ದರಿಂದ ಗುಳೇದಗುಡ್ಡದ ನೇಕಾರರು, ಬೀಳಗಿ ಕಡೆಯವರು ಬಸ್ಸು ತಪ್ಪಿಸಿಕೊಳ್ಳದೆ ಊರು ಸೇರಿದರು. ಜೋಳದ ಸುಗ್ಗಿಯ ವಾರಗಳಲ್ಲಿ ಮಾತ್ರ ಹಳ್ಳಿಯ ಜನ ಕಡಿಮೆಯಾದರು. ಮುಂದಿನ ಸಲ ಆ ವಾರಗಳನ್ನು ಮಕ್ಕಳ ನಾಟಕಕ್ಕೆ ಬಿಡುವುದು ಲೇಸು. ಶಿವರಾತ್ರಿ ದಾಟಿದರೆ ಈ ತಗಡಿನ ಛಾವಣಿಯ ಕೆಳಗೆ ಬಣ್ಣ ಹಚ್ಚಿಕೊಂಡು ಕೂಡಲಾಗುವುದಿಲ್ಲ, ಹೋಳಿಗೆ ಅರ್ಧ ನಟರು ಸೋಗಿನ ಬಂಡಿಗೆ ಹೋಗುತ್ತಾರೆ. ಆದ್ದರಿಂದ ಹಂಗಾಮಿನ ಮೇರೆ ದಸರೆಯಿಂದ ಶಿವರಾತ್ರಿಯೇ ಸರಿ.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. ಹಳ್ಳಿಯ ನಾಟಕಗಳಲ್ಲಿ ಸ್ತ್ರೀಪಾತ್ರಕ್ಕೆ ಹೊರಊರಿನ ನಟಿಯರನ್ನು ದುಡ್ಡು ಕೊಟ್ಟು ಕರೆಸುವುದು ರೂಢಿ. ಅವರು ಆಟದ ದಿನ ಬಂದು, ಆಡಿ, ಹೋಗುತ್ತಾರೆ. ಅವರ ಕಸುಬಿನ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಓಣಿಯ ಹೆಣ್ಣುಮಗಳಿಗೆ ಹಾಡುವ, ಆಡುವ ಆಸೆಯಿದ್ದರೆ ಜಾಗ ಎಲ್ಲಿ? ಇದೇ ಬೀಳಗಿಯ ಗೋಹರಬಾಯಿ, ಅಮೀರಬಾಯಿ ಅಕ್ಕತಂಗಿ ಹಾಡಿ, ನಟಿಸಿ ಹೆಸರು ಮಾಡಲು ಮುಂಬಯಿಗೆ ಹೋಗಬೇಕಾಯಿತು. ನಾವು ಮಾಡಿದ್ದು ಸಣ್ಣ ಬದಲಾವಣೆ: ರಾತ್ರಿ 9ರ ತಾಲೀಮನ್ನು ಸಂಜೆ 5ಕ್ಕೆ ತಂದೆವು, ಮಕ್ಕಳನ್ನು ಕರೆತರಬಹುದು ಎಂದೆವು. ಭಾಮೆ, ರುಕ್ಮಿಣಿ, ಕೊರವಂಜಿ ಮೂವರೂ ಈ ಊರಿನವರೇ ಆದರು. ಕೊರವಂಜಿಯ ಮಗು ರಂಗದ ಪಕ್ಕದ ವಿಂಗಿನಲ್ಲಿ ಮಲಗಿರುತ್ತಿತ್ತು.

ಮುಂದಿನ ಹಂಗಾಮಿಗೆ ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಧುತ್ತರಗಿಯವರ ಒಂದು ನಾಟಕ, ಇದೇ ಊರಿನ ಹುಡುಗರು ಮುಳುಗಡೆಯ ಬಗ್ಗೆ ಬರೆಯುತ್ತಿರುವ ಒಂದು ಹೊಸ ನಾಟಕ, ಇಷ್ಟನ್ನು ಎದುರಿಗೆ ಇಟ್ಟುಕೊಂಡಿದ್ದೇವೆ. ಆ ಹೊಸ ನಾಟಕಕ್ಕೆ ಹಳೇ ಓಣಿಗಳ ನೆನಪು ಬೇಕಾಗಿದೆ. ಯಾವ ಕಟ್ಟೆಯ ಮೇಲೆ ಯಾವ ಮೇಳ ಕೂಡುತ್ತಿತ್ತು, ಯಾರು ಯಾವ ಪಾತ್ರ ಕಟ್ಟುತ್ತಿದ್ದರು ಎಂದು ಬಲ್ಲವರು ದಯವಿಟ್ಟು ಬಂದು ಹೇಳಬೇಕು, ಹುಡುಗರು ಬರೆದುಕೊಳ್ಳುತ್ತಾರೆ. ಯುಗಾದಿ ಆದ ಮೇಲಿನ ಮೊದಲ ಸೋಮವಾರದಿಂದ ಓದು ಶುರು, ಸಂಜೆ 5ಕ್ಕೆ. ಪರದೆ ಎಳೆಯುವವರು, ದೀಪ ನೋಡಿಕೊಳ್ಳುವವರು, ಟಿಕೀಟು ಹರಿಯುವವರು ಬೇಕು, ಹೋಗುವಾಗ ಬಾಗಿಲ ಹತ್ತಿರದ ವಹಿಯಲ್ಲಿ ಹೆಸರು ಹಚ್ಚಿ. ಪೇಟಿ ನುಡಿಸುವವರು ನಮ್ಮಲ್ಲಿ ಒಬ್ಬರೇ ಇದ್ದಾರೆ, ಅವರಿಗೂ ವಯಸ್ಸಾಯಿತು. ಕಲಿಯಲು ಯಾರೇ ಬಂದರೂ, ಹುಡುಗರಾಗಲಿ ಹುಡುಗಿಯರಾಗಲಿ, ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಪೇಟಿ ಕೊಂಡು ತರಬೇಕಾಗಿಲ್ಲ, ಇಲ್ಲೇ ಇದೆ.

ನಮಸ್ಕಾರ.