ಹೆಸರೊಂದೇ ಸಾಲದು: ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಕರ್ತೃ, ಅನುವಾದಕ, ಸಂಕಲನಕಾರ

ಕೇಳುಗರಿಗೆ ನಮಸ್ಕಾರ. ಗ್ರಂಥಾಲಯದ ಗಣಕದಲ್ಲಿ ಎ. ಕೆ. ರಾಮಾನುಜನ್ ಎಂಬ ಹೆಸರು ಕೊಟ್ಟು ಹುಡುಕಿದರೆ, ಅವರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಕವಿತೆಗಳು, ವಚನಗಳಿಗೆ ಮತ್ತು ಪ್ರಾಚೀನ ತಮಿಳು ಕಾವ್ಯಕ್ಕೆ ಮಾಡಿದ ಇಂಗ್ಲಿಷ್ ಅನುವಾದಗಳು, ಸಂಗ್ರಹಿಸಿದ ಜನಪದ ಕಥೆಗಳು ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತವೆ. ಅನುವಾದಗಳು ಮಾತ್ರ ಬೇಕೆನ್ನುವ ವಿದ್ಯಾರ್ಥಿ ಒಂದೊಂದು ದಾಖಲೆಯನ್ನೂ ತೆರೆದು ನೋಡಬೇಕು. ಅನೇಕ ಕ್ಯಾಟಲಾಗುಗಳಲ್ಲಿ ವ್ಯಕ್ತಿಯ ಹೆಸರಿರುತ್ತದೆಯೇ ಹೊರತು, ಆ ಕೃತಿಗಾಗಿ ಆ ವ್ಯಕ್ತಿ ಮಾಡಿದ್ದೇನು ಎಂಬುದು ಇರುವುದಿಲ್ಲ.

ಇದಕ್ಕೆ ಕಾರಣ, ಗಣಕ ಬರುವ ಮೊದಲು ಪುಸ್ತಕದ ವಿವರ ಬರೆದಿಡುತ್ತಿದ್ದ ಹಳೆಯ ಕಾರ್ಡು. ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲದ ಕಾರ್ಡಿನಲ್ಲಿ ಬರೆಯಲು ಸ್ಥಳವೇ ಕಡಿಮೆ. 1978ರ ಆಂಗ್ಲೋ-ಅಮೆರಿಕನ್ ಸೂಚೀಕರಣ (ಎಂದರೆ ಕ್ಯಾಟಲಾಗ್ ತಯಾರಿಕೆಯ) ನಿಯಮಗಳ ಪ್ರಕಾರ, ಒಂದೇ ಕೆಲಸ ಮಾಡಿದವರು ಮೂವರಿಗಿಂತ ಹೆಚ್ಚಿದ್ದರೆ ಮೊದಲನೆಯವರನ್ನು ಹೆಸರಿಸಿ ಉಳಿದವರನ್ನು ‘ಇತರರು’ ಎಂದರೆ ಸಾಕಾಗಿತ್ತು. 2010ರಲ್ಲಿ ಬಂದ ಆರ್‌ಡಿಎ (ರಿಸೋರ್ಸ್ ಡಿಸ್ಕ್ರಿಪ್ಷನ್ ಅಂಡ್ ಆಕ್ಸೆಸ್) ಎಂಬ ಹೊಸ ಸೂಚೀಕರಣ ನಿಯಮಗಳು ಈ ಮಿತಿಯನ್ನು ತೆಗೆದು, ವ್ಯಕ್ತಿಗೂ ಕೃತಿಗೂ ಇರುವ ಸಂಬಂಧವನ್ನು ಸೂಚಿಸಲು ಪದಗಳ ಪಟ್ಟಿಯನ್ನೇ ಒದಗಿಸಿದವು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರಂತೂ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಕರ್ತೃವನ್ನೂ, ಅನುವಾದಕ, ಸಂಪಾದಕ ಮೊದಲಾದ ಸಹಕಾರಿಗಳನ್ನೂ ಬೇರೆಬೇರೆಯಾಗಿಯೇ ಗುರುತಿಸಿದ್ದರು.

ಆದರೆ ಪಾತ್ರವನ್ನು, ಎಂದರೆ ಕೃತಿಗಾಗಿ ಆ ವ್ಯಕ್ತಿ ಮಾಡಿದ ಕೆಲಸವನ್ನು, ಬರೆದರೆ ಮುಗಿಯಲಿಲ್ಲ. ಅದನ್ನು ಎಲ್ಲಿ ಬರೆಯಬೇಕೆಂಬುದೂ ಮುಖ್ಯ. ‘ಸಂಸ್ಕಾರ’ವನ್ನು ನೋಡಿ. 1965ರ ಕಾದಂಬರಿಗೆ ಯು. ಆರ್. ಅನಂತಮೂರ್ತಿ ಕರ್ತೃ. 1976ರಲ್ಲಿ ಇಂಗ್ಲಿಷಿಗೆ ತಂದ ರಾಮಾನುಜನ್ ಆ ಇಂಗ್ಲಿಷ್ ಪಠ್ಯಕ್ಕೆ ಮಾತ್ರ ಅನುವಾದಕರು, ಮೂಲ ಕೃತಿಗೆ ಅವರು ಏನೂ ಅಲ್ಲ. 1970ರ ಚಲನಚಿತ್ರವಾದರೋ ಬೇರೆಯೇ ಒಂದು ಕೃತಿ. ಅದಕ್ಕೆ ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು, ಗಿರೀಶ ಕಾರ್ನಾಡರು ಚಿತ್ರಕಥೆಗಾರರೂ ಹೌದು, ನಟರೂ ಹೌದು. ಆದ್ದರಿಂದ ಅವರ ಒಂದೇ ಹೆಸರಿಗೆ ಎರಡು ಪಾತ್ರಗಳನ್ನು ಸೇರಿಸಬೇಕು. ಅನಂತಮೂರ್ತಿಯವರನ್ನು ಚಿತ್ರದ ಕರ್ತೃವೆಂದು ಬರೆಯದೆ, ಚಿತ್ರವನ್ನು ಕಾದಂಬರಿಗೆ ಜೋಡಿಸುವುದೇ ಸರಿಯಾದ ಕ್ರಮವೆಂದು ನನಗನಿಸುತ್ತದೆ. ಕನ್ನಡದಲ್ಲಿ ಬರೆದ ‘ತುಘಲಕ್’ ನಾಟಕವನ್ನು ಕಾರ್ನಾಡರು ತಾವೇ ಇಂಗ್ಲಿಷಿಗೆ ತಂದರು. ಅಲ್ಲಿ ಕರ್ತೃವೂ ಅನುವಾದಕನೂ ಒಬ್ಬರೇ ಎಂದು ಎರಡನೆಯದನ್ನು ಬಿಟ್ಟರೆ, ಅದು ಅನುವಾದವೆಂಬ ಸಂಗತಿಯೇ ಮರೆಯಾಗುತ್ತದೆ.

ನಿಜವಾಗಿ ಕಷ್ಟವಾಗುವುದು ನಮ್ಮ ಹಳೆಯ ಸಾಹಿತ್ಯದಲ್ಲಿ. ‘ಶೂನ್ಯಸಂಪಾದನೆ’ಗೆ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಎಂಬ ನಾಲ್ವರು ಸಿದ್ಧಪಡಿಸಿದ ನಾಲ್ಕು ರೂಪಗಳಿವೆ. ಅಲ್ಲಿನ ವಚನಗಳು ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರವು. ಅವುಗಳನ್ನು ಆಯ್ದು, ನಡುವೆ ಗದ್ಯ ಹೆಣೆದು, ಸಂವಾದದ ರೂಪ ಕೊಟ್ಟವರು ಈ ಸಂಕಲನಕಾರರು. ಇವರನ್ನು ಬರಿಯ ಸಂಗ್ರಾಹಕರೆಂದರೆ ಅವರ ಕಲ್ಪನೆಗೆ ಅನ್ಯಾಯ, ಕರ್ತೃಗಳೆಂದರೆ ವಚನಕಾರರಿಗೆ ಅನ್ಯಾಯ. ನನ್ನನ್ನು ಕೇಳಿದರೆ, ಇವರನ್ನು ಸಂಕಲನಕಾರರೆಂದೂ ವಚನಕಾರರನ್ನು ಒಳಗಿನ ವಚನಗಳ ಕರ್ತೃಗಳೆಂದೂ ದಾಖಲಿಸಿ, ಹಸ್ತಪ್ರತಿಗಳನ್ನು ಪರಿಶೀಲಿಸಿದ ಆಧುನಿಕ ವಿದ್ವಾಂಸರನ್ನು ಆಯಾ ಮುದ್ರಿತ ಪಠ್ಯದ ಸಂಪಾದಕರೆಂದು ಪ್ರತ್ಯೇಕವಾಗಿ ತೋರಿಸಬೇಕು. ಹೀಗಲ್ಲದೆ ಎಲ್ಲರನ್ನೂ ‘ಕೊಡುಗೆ ನೀಡಿದವರು’ ಎಂಬ ಒಂದೇ ಪದದಡಿ ತಂದುಬಿಡುವುದು ಸೂಚೀಕಾರನಿಗೆ ಸುಲಭವಿರಬಹುದು, ಓದುಗನಿಗೆ ಅದರಿಂದ ಪ್ರಯೋಜನವಿಲ್ಲ.

ಕನ್ನಡ ಗ್ರಂಥಾಲಯಗಳಿಗೆ ಇಲ್ಲೊಂದು ಅನುಕೂಲವಿದೆ. ಗಣಕ ಓದಬಲ್ಲ ‘ಮಾರ್ಕ್’ ಎಂಬ ಮಾದರಿಯ ದಾಖಲೆಯಲ್ಲಿ ಪಾತ್ರವನ್ನು ಪದದಲ್ಲಿಯೂ ಬರೆಯಬಹುದು, ಮೂರಕ್ಷರದ ಸಂಕೇತದಲ್ಲಿಯೂ ಕೊಡಬಹುದು. ಸಂಕೇತವನ್ನು ಕೊಟ್ಟರೆ, ತಂತ್ರಾಂಶವನ್ನು ಹಾಗೆ ಹೊಂದಿಸಿಕೊಂಡಲ್ಲಿ, ಅದೇ ದಾಖಲೆ ಮೈಸೂರಿನ ಓದುಗನಿಗೆ ‘ಅನುವಾದಕ’ ಎಂದೂ ಇನ್ನೊಂದು ದೇಶದ ಓದುಗನಿಗೆ ಅವನ ಭಾಷೆಯ ಪದವಾಗಿಯೂ ಕಾಣಿಸುತ್ತದೆ. ಹಳೆಯ ದಾಖಲೆಗಳನ್ನೆಲ್ಲ ಒಮ್ಮೆಗೇ ತಿದ್ದಲು ಯಾವ ಗ್ರಂಥಾಲಯಕ್ಕೂ ಸಿಬ್ಬಂದಿ ಸಾಲದು. ಹೊಸದಾಗಿ ಬರುವ ಅನುವಾದಗಳಿಂದಲೂ ಮಕ್ಕಳ ಪುಸ್ತಕಗಳಿಂದಲೂ ಕೆಲಸ ಆರಂಭಿಸಬಹುದು. ಮಕ್ಕಳ ಪುಸ್ತಕವಾದರೆ ಮುಖಪುಟವನ್ನಷ್ಟೇ ನೋಡಿ ಬಿಡದೆ ಒಳಪುಟದ ಹಿಂಬದಿಯನ್ನೂ ತಿರುಗಿಸಬೇಕು. ಚಿತ್ರ ಬರೆದವರ ಹೆಸರು ಎಷ್ಟೋ ಸಲ ಅಲ್ಲಿ, ಮುದ್ರಣಾಲಯದ ವಿಳಾಸದ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿರುತ್ತದೆ.