ಹೆರಿಗೆಯ ನೋವನ್ನು ಕೇಳಿಸಿಕೊಳ್ಳುವ ಬಗೆ

ಕೇಳುಗರಿಗೆ ನಮಸ್ಕಾರ.

ಹೆರಿಗೆ ಕೋಣೆಯಲ್ಲಿ ಬಸುರಿಯ ಮಂಚದ ಬಳಿ ಒಂದು ಹಾಳೆ ಇರುತ್ತದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಮಗುವಿನ ಹೃದಯ ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತಿದೆ, ಹತ್ತು ನಿಮಿಷಗಳಲ್ಲಿ ಎಷ್ಟು ಸಲ ನೋವು ಬಂದಿತು, ತಾಯಿಯ ನಾಡಿ, ರಕ್ತದೊತ್ತಡ ಮತ್ತು ಮೈಬಿಸಿ ಎಷ್ಟಿದೆ ಎಂಬುದನ್ನೆಲ್ಲ ವೈದ್ಯರೂ ಶುಶ್ರೂಷಕಿಯರೂ ಅದರಲ್ಲಿ ಗುರುತು ಹಾಕುತ್ತಾರೆ. ಪಾರ್ಟೋಗ್ರಾಫ್ ಎಂದು ಕರೆಯುವ ಈ ಹಾಳೆ 1970ರ ದಶಕದಿಂದ ಬಳಕೆಗೆ ಬಂದು, ಹೆರಿಗೆ ತೊಡಕಾಗುತ್ತಿರುವುದನ್ನು ಮುಂಚಿತವಾಗಿ ಕಂಡುಕೊಳ್ಳಲು ನೆರವಾಗಿದೆ. ಆದರೆ ನೋವು ಎಷ್ಟು ಸಲ ಬಂದಿತು ಎಂದು ಬರೆಯಲು ಜಾಗವಿದ್ದ ಆ ಹಾಳೆಯಲ್ಲಿ, ಆ ನೋವು ಅವಳಿಗೆ ತಡೆಯುವಂತಿದೆಯೇ, ಅದನ್ನು ತಗ್ಗಿಸಲು ಏನಾದರೂ ಮಾಡಲಾಯಿತೇ ಎಂದು ಬರೆಯಲು ಬಹುಕಾಲ ಜಾಗವೇ ಇರಲಿಲ್ಲ. 2020ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಹೊಸ ಹಾಳೆಯಲ್ಲಿ ನಾಲ್ಕು ಸಾಲುಗಳು ಸೇರಿದವು: ಅವಳ ಜೊತೆಗೆ ಯಾರಾದರೂ ಇದ್ದಾರೆಯೇ, ನೋವು ತಗ್ಗಿಸುವ ಉಪಾಯ ಮಾಡಲಾಗಿದೆಯೇ, ಕುಡಿಯಲು ಏನಾದರೂ ಕೊಡಲಾಗಿದೆಯೇ, ಅವಳು ಯಾವ ಭಂಗಿಯಲ್ಲಿದ್ದಾಳೆ. ಈ ನಾಲ್ಕು ಪ್ರಶ್ನೆಗಳು ಕಾಗದಕ್ಕೆ ಬರಲು ಇಷ್ಟು ವರ್ಷ ಹಿಡಿಯಿತೆಂಬುದೇ ಇಂದು ನನ್ನನ್ನು ಈ ವಿಷಯ ಮಾತನಾಡಲು ಪ್ರೇರೇಪಿಸಿದೆ.

ಮೊದಲು ಈ ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಗರ್ಭಕೋಶವು ಬಲವಾದ ಸ್ನಾಯುಗಳ ಚೀಲ. ಅದು ಬಿಗಿದು ಸಡಿಲಗೊಳ್ಳುವಾಗ ಅದರ ಬಾಯಿ ನಿಧಾನವಾಗಿ ತೆಳುವಾಗಿ, ಸುಮಾರು 10 ಸೆಂಟಿಮೀಟರಿನಷ್ಟು ತೆರೆದುಕೊಳ್ಳಬೇಕು. ಈ ಮೊದಲ ಹಂತದ ನೋವಿನ ಸಂದೇಶವನ್ನು ಹೊತ್ತ ನರಗಳು ಬೆನ್ನುಹುರಿಯನ್ನು ಸೇರುವ ಭಾಗಕ್ಕೇ ಸೊಂಟದ ಮತ್ತು ಕೆಳಹೊಟ್ಟೆಯ ಚರ್ಮದ ನರಗಳೂ ಬಂದು ಸೇರುವುದರಿಂದ, ಒಳಗಿನ ನೋವು ಹೊರಗೆ ಸೊಂಟ ಮುರಿದುಹೋದಂತೆ, ತೊಡೆಗಳು ಸೆಳೆದಂತೆ ತೋರುತ್ತದೆ. ಅದು ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ನೋವು. ಮಗು ಕೆಳಗಿಳಿಯುವ ಎರಡನೆಯ ಹಂತದಲ್ಲಿ ನೋವಿನ ಸ್ವಭಾವವೇ ಬದಲಾಗುತ್ತದೆ. ಯೋನಿಮಾರ್ಗವೂ ಅದರ ಸುತ್ತಲಿನ ಚರ್ಮವೂ ಹಿಗ್ಗುವಾಗ ಬೇರೆ ನರಗಳ ಮೂಲಕ ಬರುವ ಈ ನೋವು ಚುರುಕಾದದ್ದು, ಸ್ಪಷ್ಟವಾದದ್ದು, ಉರಿಯಿಂದ ಕೂಡಿದ್ದು. ಜೊತೆಗೆ ತಾನಾಗಿಯೇ ಮುಕ್ಕಬೇಕೆನ್ನುವ ಒತ್ತಡ ಬರುತ್ತದೆ. ಎರಡು ನೋವುಗಳ ನಡುವಿನ ಬಿಡುವಿನಲ್ಲಿ ತಾಯಿಗೆ ಉಸಿರಾಡಲು ಅವಕಾಶ ಸಿಗುತ್ತದೆ. ಡ್ರಿಪ್ಪಿನಲ್ಲಿ ಔಷಧ ಹಾಕಿ ನೋವು ಬರಿಸಿದಾಗ ಆ ಬಿಡುವು ಕಿರಿದಾಗಬಹುದು. ಎರಡು ಬಗೆಯಲ್ಲೂ ಹೆತ್ತ ಹೆಂಗಸರು ಡ್ರಿಪ್ಪಿನ ನೋವೇ ಬೇರೆ ಎಂದು ಹೇಳುವುದನ್ನು ನಮ್ಮಲ್ಲಿ ಯಾವ ಬಾಣಂತಿಯ ಕೋಣೆಯಲ್ಲಾದರೂ ಕೇಳಬಹುದು.

ಕೆನಡಾದ ಮಾಂಟ್ರಿಯಲ್ ನಗರದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಝಾಕ್ ಅವರು 1975ರಲ್ಲಿ, ನೋವುಳ್ಳವರೇ ತಮ್ಮ ನೋವಿಗೆ ಒಪ್ಪುವ ಮಾತುಗಳನ್ನು ಆರಿಸಿ ಹೇಳುವಂತಹ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮುಂದೆ ಅದನ್ನು ಹೆರಿಗೆಯಾಗುತ್ತಿದ್ದ ಹೆಂಗಸರ ಮುಂದೆಯೂ ಇಟ್ಟರು. ಸರಾಸರಿ ನೋಡಿದರೆ ಇದು ಮನುಷ್ಯರು ಅನುಭವಿಸುವ ಅತಿ ತೀವ್ರ ನೋವುಗಳಲ್ಲಿ ಒಂದು ಎಂದು ಕಂಡುಬಂದಿತು, ಚೊಚ್ಚಲ ಹೆರಿಗೆಯಲ್ಲಿ ಇನ್ನೂ ಹೆಚ್ಚು. ಆದರೆ ಸರಾಸರಿಗಿಂತ ಮುಖ್ಯವಾಗಿ ಕಂಡದ್ದು ವ್ಯತ್ಯಾಸ. ಕೆಲವರಿಗೆ ಅದು ಸಹಿಸಲಸಾಧ್ಯವಾಗಿದ್ದರೆ, ಮತ್ತೆ ಕೆಲವರಿಗೆ ಮಿತವಾಗಿತ್ತು. ಆದುದರಿಂದ ಪಕ್ಕದ ಮಂಚದವಳನ್ನು ತೋರಿಸಿ, ಅವಳು ಸುಮ್ಮನಿಲ್ಲವೇ, ನಿನಗೊಬ್ಬಳಿಗೇ ನೋವೇ ಎಂದು ಕೇಳುವುದು ಕ್ರೂರ ಮಾತ್ರವಲ್ಲ, ತಿಳಿವಳಿಕೆಯ ದೃಷ್ಟಿಯಿಂದಲೂ ತಪ್ಪು. ಇಬ್ಬರ ನೋವು ಒಂದೇ ಆಗಿರುವುದಿಲ್ಲ.

ನಮ್ಮ ಸಮಾಜ ಈ ನೋವಿಗೆ ಕೊಟ್ಟಿರುವ ಗೌರವ ವಿಚಿತ್ರವಾದದ್ದು. ಉತ್ತರ ಕರ್ನಾಟಕದಲ್ಲಿ ಬ್ಯಾನಿ ತಿಂದು ಹಡೆದವಳು ಎಂದು ತಾಯಿಯನ್ನು ಹೊಗಳುತ್ತಾರೆ. ಹೆರಿಗೆಯೆಂದರೆ ಹೆಣ್ಣಿಗೆ ಪುನರ್ಜನ್ಮ ಎಂಬ ಮಾತು ಎಲ್ಲ ಕಡೆಯೂ ಇದೆ. ಆ ನೋವು ಮುಗಿದ ಮೇಲೆ ಅದಕ್ಕೆ ಇಷ್ಟೊಂದು ಹೊಗಳಿಕೆ ಸಲ್ಲಿಸುವ ನಾವು, ಅದು ನಡೆಯುತ್ತಿರುವ ಹೊತ್ತಿನಲ್ಲಿ ಅವಳಿಂದ ಮೌನವನ್ನು ಬಯಸುತ್ತೇವೆ. ಒಂದು ಸದ್ದೂ ಮಾಡದೆ ಹೆತ್ತಳು ಎಂಬುದು ಪ್ರಶಂಸೆ, ಕೂಗಾಡಿಬಿಟ್ಟಳು ಎಂಬುದು ದೂರು. ಆಸ್ಪತ್ರೆಗಳಲ್ಲಿ ಈ ಬಯಕೆ ಕೆಲವೊಮ್ಮೆ ನಿಂದನೆಯ ರೂಪ ತಾಳುತ್ತದೆ. ನೋವಿನಿಂದ ಚೀರಿದವಳಿಗೆ, ಗಂಡನ ಜೊತೆ ಇದ್ದಾಗ ಈ ನೋವು ನೆನಪಾಗಲಿಲ್ಲವೇ ಎನ್ನುವ ಅರ್ಥದ ಮಾತು ಹೇಳಿದ್ದನ್ನು ನಾನು ಒಬ್ಬರಿಂದಲ್ಲ, ಬೇರೆ ಬೇರೆ ಊರುಗಳ, ಬೇರೆ ಬೇರೆ ವಯಸ್ಸಿನ ಹೆಂಗಸರಿಂದ ಕೇಳಿದ್ದೇನೆ. ಹೇಳುವಾಗ ಅವರು ದನಿ ತಗ್ಗಿಸುತ್ತಾರೆ. ಸೊಂಟದ ನೋವನ್ನು ವಿವರಿಸುವಾಗ ಇಲ್ಲದ ಸಂಕೋಚ ಆ ಮಾತನ್ನು ಹೇಳುವಾಗ ಬರುತ್ತದೆ. ತೊಡೆಗೆ ಹೊಡೆದದ್ದು, ಹೊಟ್ಟೆಯನ್ನು ಮೇಲಿನಿಂದ ಬಲವಾಗಿ ಒತ್ತಿದ್ದು, ಕತ್ತರಿಸಿದ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹತ್ತುವ ಮೊದಲೇ ಹೊಲಿಗೆ ಹಾಕಿದ್ದು, ಇವನ್ನೂ ಹೇಳುತ್ತಾರೆ. ಇವು ಯಾವುವೂ ಪ್ರಕೃತಿ ಕೊಟ್ಟ ನೋವುಗಳಲ್ಲ. ಹೀಗೆ ಹೆರಿಗೆಯ ಹೊತ್ತಿನಲ್ಲಿ ಹೆಂಗಸರನ್ನು ಅವಮಾನಿಸುವುದು ಮತ್ತು ಹಿಂಸಿಸುವುದು ಲೋಕದ ಅನೇಕ ದೇಶಗಳಲ್ಲಿದೆಯೆಂದೂ, ಅದು ಅವರ ಹಕ್ಕುಗಳ ಉಲ್ಲಂಘನೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಬಹಿರಂಗವಾಗಿ ಹೇಳಿತು. 2018ರಲ್ಲಿ ಅದು ಕೊಟ್ಟ ಶಿಫಾರಸುಗಳ ಪ್ರಕಾರ, ಹೆರಿಗೆಗೆ ದಾರಿ ಮಾಡಲು ವಾಡಿಕೆಯೆಂಬಂತೆ ಎಲ್ಲರಿಗೂ ಕತ್ತರಿ ಹಾಕುವುದಾಗಲಿ, ಹೊಟ್ಟೆಯನ್ನು ಒತ್ತಿ ಮಗುವನ್ನು ಹೊರಕ್ಕೆ ತಳ್ಳುವುದಾಗಲಿ ಸಲ್ಲದು.

ಕೆಲಸದ ಒತ್ತಡದಲ್ಲಿರುವ ಶುಶ್ರೂಷಕಿಯರನ್ನು ದೂರಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಒಂದೇ ರಾತ್ರಿಯಲ್ಲಿ ಹಲವು ಹೆರಿಗೆಗಳನ್ನು ನಿಭಾಯಿಸುವವರ ದಣಿವು ನಿಜವಾದದ್ದು, ಸಿಬ್ಬಂದಿಯ ಕೊರತೆಯೂ ನಿಜವಾದದ್ದು. ಆದರೆ ಆ ಕೊರತೆಯ ಬೆಲೆಯನ್ನು ಬೇನೆ ತಿನ್ನುತ್ತಿರುವವಳೇ ತೆರಬೇಕೆಂಬುದನ್ನು ನಾನು ಒಪ್ಪಲಾರೆ.

ಹೆರಿಗೆಯ ನೋವನ್ನು ತಗ್ಗಿಸಬಹುದೇ ಎಂಬುದಕ್ಕಿಂತ ತಗ್ಗಿಸಬೇಕೇ ಎಂಬ ವಾದವೇ ಚರಿತ್ರೆಯಲ್ಲಿ ದೊಡ್ಡದು. ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಮೊದಲು ಅರಿವಳಿಕೆ ಔಷಧವಾದ ಈಥರನ್ನೂ, ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರ್ಮನ್ನೂ ಹೆರಿಗೆಯಲ್ಲಿ ಬಳಸಿದಾಗ, ಹೆಣ್ಣು ನೋವಿನಲ್ಲೇ ಹೆರಬೇಕೆಂದು ಬೈಬಲ್ಲಿನಲ್ಲಿ ಹೇಳಿರುವುದನ್ನು ಮುಂದಿಟ್ಟು ಆಕ್ಷೇಪಿಸಿದವರಿಗೆ ಅವರು ಅದೇ ವರ್ಷ ಉತ್ತರ ಬರೆಯಬೇಕಾಯಿತು. 1853ರ ಏಪ್ರಿಲಿನಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೊಪೋಲ್ಡನ ಹೆರಿಗೆಯಲ್ಲಿ ವೈದ್ಯ ಜಾನ್ ಸ್ನೋ ಅವರಿಂದ ಕ್ಲೋರೋಫಾರ್ಮ್ ತೆಗೆದುಕೊಂಡ ಬಳಿಕ ಆ ಆಕ್ಷೇಪ ದುರ್ಬಲವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್ ನಗರದಿಂದ ಇನ್ನೊಂದು ಪದ್ಧತಿ ಹರಡಿತು. ಸ್ಕೋಪೊಲಮಿನ್ ಮತ್ತು ಮಾರ್ಫಿನ್ ಎಂಬ ಎರಡು ಔಷಧಗಳನ್ನು ಕೊಟ್ಟರೆ ಹೆಂಗಸರು ಎಚ್ಚರವಾದ ಮೇಲೆ ಹೆರಿಗೆಯೇ ನೆನಪಿಲ್ಲ ಎನ್ನುತ್ತಿದ್ದರು. ಅಮೆರಿಕೆಯ ಹೆಂಗಸರು 1914ರ ಹೊತ್ತಿಗೆ ಅದಕ್ಕಾಗಿ ಚಳವಳಿಯನ್ನೇ ನಡೆಸಿದರು. ಆದರೆ ಆ ಔಷಧ ನೋವಿಗಿಂತ ಹೆಚ್ಚಾಗಿ ನೋವಿನ ನೆನಪನ್ನು ಅಳಿಸುತ್ತಿತ್ತು. ಮೈ ಹೊರಳಾಡುತ್ತಿತ್ತು, ಬಾಯಿ ಚೀರುತ್ತಿತ್ತು. ಕೆಲವೆಡೆ ಅವರನ್ನು ಕಟ್ಟಿಹಾಕಬೇಕಾಗುತ್ತಿತ್ತು. ಎದ್ದ ಮೇಲೆ ದೂರು ಹೇಳದಿದ್ದರೆ ನೋವಾಗಲೇ ಇಲ್ಲ ಎಂದುಕೊಳ್ಳುವ ಆ ಲೆಕ್ಕಾಚಾರ ನನ್ನನ್ನು ತುಂಬ ಕಲಕುತ್ತದೆ.

ಏಕೆಂದರೆ ಔಷಧವಿಲ್ಲದೆಯೂ ನಾವು ಅದೇ ಲೆಕ್ಕ ಹಾಕುತ್ತೇವೆ. ಮಗುವಿನ ಮುಖ ನೋಡಿದ ಕೂಡಲೇ ತಾಯಿ ಎಲ್ಲವನ್ನೂ ಮರೆಯುತ್ತಾಳೆ ಎನ್ನುತ್ತೇವೆ. ಅನೇಕರ ಪಾಲಿಗೆ ಅದು ಸತ್ಯವೂ ಹೌದು. ಸ್ವೀಡನ್ನಿನಲ್ಲಿ ಹೆತ್ತ ತಾಯಂದಿರನ್ನು ಐದು ವರ್ಷಗಳ ತನಕ ವಿಚಾರಿಸಿದ ಒಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿಯ ನೆನಪಿನಲ್ಲಿ ನೋವು ಕಡಿಮೆಯಾಗಿತ್ತು. ಉಳಿದವರಲ್ಲಿ ಹಲವರಿಗೆ ಅದು ಹಾಗೆಯೇ ಉಳಿದಿತ್ತು, ಕೆಲವರಿಗೆ ಹೆಚ್ಚಿತ್ತು. ಒಟ್ಟು ಹೆರಿಗೆಯನ್ನೇ ಕೆಟ್ಟ ಅನುಭವವೆಂದು ಹೇಳಿದವರಲ್ಲಿ ನೋವಿನ ನೆನಪು ಮಾಸಿರಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ಹೆರಿಗೆಯೆಂದರೆ ತವರುಮನೆಯ ನಡುಕೋಣೆ ಮತ್ತು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳ ಕಾಲ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಕಾಲವನ್ನು ಚಿನ್ನದ ಕಾಲವೆಂದು ನಾನು ಹೇಳುವುದಿಲ್ಲ. ರಕ್ತಸ್ರಾವದಿಂದ, ನಂಜಿನಿಂದ ಸತ್ತ ತಾಯಂದಿರು ಎಷ್ಟೋ ಮಂದಿ. ಹೆರಿಗೆ ಆಸ್ಪತ್ರೆಗೆ ಬಂದದ್ದು ತಾಯಂದಿರ ಸಾವು ತಗ್ಗಲು ಒಂದು ಮುಖ್ಯ ಕಾರಣ: ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 301 ತಾಯಂದಿರು ಸಾಯುತ್ತಿದ್ದರೆ, 2018–20ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಇಳಿದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಯಿಂದ ಆಸ್ಪತ್ರೆಗೆ ಬರುವ ದಾರಿಯಲ್ಲಿ ಒಂದು ಕೈ ತಪ್ಪಿಹೋಯಿತು. ಸೊಂಟ ನೀವುತ್ತಿದ್ದ ಅತ್ತಿಗೆ, ನಡೆದಾಡಿಸುತ್ತಿದ್ದ ಚಿಕ್ಕಮ್ಮ, ಬಿಸಿನೀರು ಕೊಡುತ್ತಿದ್ದ ಅಜ್ಜಿ, ಇವರೆಲ್ಲ ಬಾಗಿಲ ಹೊರಗೆ ಉಳಿದರು. ಒಳಗೆ ಅವಳು ಅಪರಿಚಿತರ ನಡುವೆ ಅಂಗಾತ ಮಲಗಿದಳು.

ಜೊತೆಗೊಬ್ಬರಿರುವುದು ಬರಿಯ ಸಮಾಧಾನದ ಮಾತಲ್ಲ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ 2017ರ ಒಂದು ಪರಾಮರ್ಶೆ, ಹೆರಿಗೆಯುದ್ದಕ್ಕೂ ಬಿಡದೆ ಜೊತೆಗಿರುವವರಿದ್ದರೆ ಹೆರಿಗೆಯ ಅವಧಿ ತುಸು ಕಡಿಮೆಯಾಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಔಷಧದ ಅಗತ್ಯ ತಗ್ಗುತ್ತದೆ ಎಂದು ಕಂಡುಕೊಂಡಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2016ರಲ್ಲಿ, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಹೆರಿಗೆಯ ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಬಹುದೆಂದು ಒಪ್ಪಿತು. 2017ರ ಡಿಸೆಂಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟದ ಜೊತೆಗೆ ಗೌರವಯುತ ಆರೈಕೆಯನ್ನೂ ಗುರಿಯಾಗಿಟ್ಟುಕೊಂಡಿತು. ಜೊತೆಗಿರಲು ಅನುಮತಿಯಿದೆ ಎಂಬ ವಿಷಯ ತಿಳಿಯದ ಕಾರಣ ಹೊರಗೇ ಕುಳಿತಿರುವ, ಬಸುರಿಯರ ಅಮ್ಮಂದಿರು ಎಷ್ಟು ಮಂದಿಯೋ.

ಔಷಧದ ದಾರಿಯಲ್ಲಿ ಇಂದು ಅತ್ಯಂತ ಪರಿಣಾಮಕಾರಿಯಾದದ್ದು ಎಪಿಡ್ಯೂರಲ್. ಸೊಂಟದ ಬಳಿ ಬೆನ್ನುಮೂಳೆಯ ನಡುವೆ ಒಂದು ತೆಳುವಾದ ನಳಿಕೆಯನ್ನಿಟ್ಟು, ಅದರ ಮೂಲಕ ಮರಗಟ್ಟಿಸುವ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಕೊಡುತ್ತಾರೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ರಕ್ತದೊತ್ತಡ ಇಳಿಯಬಹುದು, ಕಾಲು ಭಾರವಾಗಬಹುದು, ತುರಿಕೆ ಅಥವಾ ಜ್ವರ ಬರಬಹುದು, ಮುಕ್ಕುವ ಹಂತ ಉದ್ದವಾಗಬಹುದು. ಇದನ್ನೆಲ್ಲ ಅವಳಿಗೆ ಮೊದಲೇ ಹೇಳಬೇಕು. ಆದರೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವಮಾನವಿಡೀ ಬೆನ್ನುನೋವು ತಪ್ಪದು ಎಂದು ಮನೆಮನೆಯಲ್ಲಿ ಹೇಳುವ ಮಾತಿಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಇದರಿಂದ ಸಿಸೇರಿಯನ್ ಹೆಚ್ಚುತ್ತದೆ ಎಂಬುದಕ್ಕೂ ಸಿಕ್ಕಿಲ್ಲ. ನಿಜವಾದ ಅಡ್ಡಿ ಬೇರೆಯದು. ಇದಕ್ಕೆ ಹಗಲಿರುಳೂ ಅರಿವಳಿಕೆ ತಜ್ಞರು ಇರಬೇಕು, ತಾಯಿ ಮಗುವನ್ನು ಬಿಡದೆ ಗಮನಿಸುವವರಿರಬೇಕು. ದೊಡ್ಡ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಡಬಲ್ಲವಳಿಗೆ ಸಿಗುವುದು ತಾಲ್ಲೂಕಿನ ಹೆಣ್ಣಿಗೆ ಸಿಗುವುದು ಕಷ್ಟ.

2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಮೂಲಕ ಆಗುತ್ತಿತ್ತು. ಇದರ ಕಾರಣಗಳು ಹಲವು, ಎಲ್ಲವನ್ನೂ ಇಲ್ಲಿ ಹೇಳಲಾಗದು. ಆದರೆ ನೋವಿನ ಭಯದಿಂದ ತಾವಾಗಿಯೇ ಶಸ್ತ್ರಚಿಕಿತ್ಸೆ ಕೇಳುವವರಿದ್ದಾರೆ. ಅಂಥವರನ್ನು ಹಿಂದಿನವರಿಗೆ ಹೋಲಿಸಿ ಹೀಗಳೆಯುವ ಬದಲು, ಸಹಜ ಹೆರಿಗೆಯಲ್ಲಿ ನೋವು ತಗ್ಗಿಸಲು ನಿನಗೆ ಏನೇನು ಸಿಗುತ್ತದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ಕೇಳಬೇಕು. ಗಂಟೆಗಟ್ಟಲೆ ಬೇನೆ ತಿಂದು ಕೊನೆಗೆ ಸಿಸೇರಿಯನ್ ಆದವಳಿಗೆ, ಹೊಲಿಗೆಯ ನೋವಿನಲ್ಲಿ ಪಕ್ಕಕ್ಕೆ ಹೊರಳಲಾಗದೆಯೂ ಮಗುವಿಗೆ ಹಾಲೂಡಿಸುತ್ತಿರುವವಳಿಗೆ, ನೀನು ನೋವು ತಿಂದು ಹೆತ್ತವಳಲ್ಲ ಎಂದು ಹೇಳುವ ನೆಂಟರು ಈಗಲೂ ಇದ್ದಾರೆ. ಆ ಮಾತನ್ನು ದಯವಿಟ್ಟು ಯಾರೂ ಆಡಬೇಡಿ.

ಈ ಮಾತುಗಳನ್ನು ಕೇಳುತ್ತಿರುವ ಬಸುರಿಯರಿಗೆ ಮತ್ತು ಅವರ ಮನೆಯವರಿಗೆ ಒಂದು ಕೋರಿಕೆ. ಏಳು, ಎಂಟನೆಯ ತಿಂಗಳ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗ, ರಕ್ತ ಮತ್ತು ಸ್ಕ್ಯಾನಿನ ಮಾತು ಮುಗಿದ ಮೇಲೆ ಇನ್ನು ಕೆಲವನ್ನು ಕೇಳಿ. ಹೆರಿಗೆ ಕೋಣೆಯಲ್ಲಿ ನನ್ನ ಜೊತೆ ಅಮ್ಮನೋ ಅಕ್ಕನೋ ಇರಬಹುದೇ? ನೋವು ಶುರುವಾದ ಮೇಲೆ ನಾನು ಓಡಾಡಬಹುದೇ, ನೀರು ಕುಡಿಯಬಹುದೇ, ನನಗೆ ಹಿತವಾದಂತೆ ಕೂರಬಹುದೇ? ತಡೆಯಲಾರೆನೆಂದರೆ ಏನು ಕೊಡುತ್ತೀರಿ, ರಾತ್ರಿಯ ಹೊತ್ತು ಅರಿವಳಿಕೆಯ ಡಾಕ್ಟರು ಇರುತ್ತಾರೆಯೇ? ಹೊಲಿಗೆ ಬೇಕಾದರೆ ಆ ಜಾಗ ಮರಗಟ್ಟಿದೆಯೇ ಎಂದು ನನ್ನನ್ನು ಕೇಳಿ ಹಾಕುತ್ತೀರಾ? ಕೇಳಲು ಅವಳಿಗೆ ಅಳುಕಾದರೆ ಜೊತೆಗೆ ಹೋದ ಗಂಡ ಕೇಳಲಿ, ಅತ್ತೆ ಕೇಳಲಿ, ಆಶಾ ಕಾರ್ಯಕರ್ತೆಯರು ಕೇಳಲಿ. ಎಲ್ಲ ಉತ್ತರಗಳೂ ಹೌದು ಎಂದೇ ಬರಲಾರವು. ಆದರೆ ಯಾವುದು ಇಲ್ಲವೆಂಬುದು ನೋವು ಬರುವ ಮೊದಲೇ ತಿಳಿದಿದ್ದರೆ, ಬೇರೆ ಆಸ್ಪತ್ರೆ ನೋಡಿಕೊಳ್ಳಲು ಇನ್ನೂ ಸಮಯವಿರುತ್ತದೆ.

ನಮಸ್ಕಾರ.